ಭಾಗ್ಯಶ್ರೀ ಬರೆದ ಪ್ರಕಟಣೆ, ನಾನು ಎಳೆದ ಕೆಂಪು ಗೆರೆ

ಪತ್ರಿಕಾ ಪ್ರಕಟಣೆ ಬರೆಯುವುದನ್ನು ಕಲಿಸುವ ಮೇಷ್ಟ್ರು ನಾನಾಗಿದ್ದೆ ಎಂದರೆ ಕಲಬುರಗಿಯಲ್ಲಿ ಈಗಲೂ ಕೆಲವರು ನಗುತ್ತಾರೆ. "ಅದರಾಗ ಕಲಿಸೋದೇನದರೀ ಪಾಟೀಲ್ರ? ಕಾರ್ಯಕ್ರಮ ಆತು, ಇಂಥವ್ರು ಬಂದಿದ್ರು, ಇಷ್ಟ ಅಲ್ಲೇನು?" ಎನ್ನುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರ ಮುಂದೆ ನಕ್ಕು ಸುಮ್ಮನಿರಲಾಗುವುದಿಲ್ಲ. ಸಂಸ್ಥೆಯೊಂದರ ಪರವಾಗಿ ನಾಲ್ಕು ಸಾಲು ಬರೆದು ಊರಿಗೆ ತಿಳಿಸುವುದು ಹಗುರದ ಕೆಲಸವಲ್ಲ. ಆ ನಾಲ್ಕು ಸಾಲು ನಂಬಿ ಯಾರೋ ಒಬ್ಬರು ಮನೆ ಬಿಟ್ಟು ಹೊರಡುತ್ತಾರೆ. ಇದು ನನಗೆ ಗೊತ್ತಾಗಿದ್ದು ನೌಕರಿಯ ಕೊನೆಯ ವರ್ಷಗಳಲ್ಲಿ, ಅದೂ ನನ್ನ ವಿದ್ಯಾರ್ಥಿನಿಯೊಬ್ಬಳಿಂದ. ಅದನ್ನೇ ಬರೆಯಲು ಕೂತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದರಿಂದ ನಿಮಗೆ ಏನೂ ಆಗಬೇಕಾಗಿಲ್ಲ.

ಕಾಲೇಜಿಗೆ ಬರುವ ಮೊದಲು ಒಂದು ಸಹಕಾರಿ ಸಂಘದ ಪ್ರಚಾರ ವಿಭಾಗದಲ್ಲಿದ್ದೆ. ವಿಭಾಗ ಅಂದರೆ ಒಂದು ಮೇಜು, ಒಂದು ಟೈಪ್‌ರೈಟರ್, ನಾನು ಮತ್ತು ನಮ್ಮ ಸಾಹೇಬರು. ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲು, ಮಾತಿಗೊಮ್ಮೆ ಉರ್ದು ಶಾಯರಿ ಹೇಳುವ ದೊಡ್ಡ ಮನುಷ್ಯ. ಕಾರ್ಬನ್ ಹಾಳೆ ಇಟ್ಟು ಐದು ಪ್ರತಿ ಟೈಪ್ ಮಾಡಿ, ಸೈಕಲ್ ಮೇಲೆ ಒಂದೊಂದೇ ಪತ್ರಿಕೆಯ ಆಫೀಸಿಗೆ ಹೋಗಿ ಕೊಟ್ಟು ಬರುವುದು ನನ್ನ ಕೆಲಸ. ಐದನೆಯ ಪ್ರತಿಯಲ್ಲಿ ಅಕ್ಷರ ಮೂಡುತ್ತಲೇ ಇರಲಿಲ್ಲ. ಅದು ಸಿಕ್ಕ ಪತ್ರಿಕೆಯವರು ತಮಗೆ ತೋಚಿದ್ದನ್ನು ಹಾಕಿಕೊಳ್ಳುತ್ತಿದ್ದರು.

ಒಮ್ಮೆ ಬೀಜದ ಗೋದಾಮಿನ ಉದ್ಘಾಟನೆ ಇತ್ತು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಪತ್ರಿಕೆಗಳ ವೇಳೆ ಮೀರುತ್ತದೆ ಎಂದು ನಾನು ಹಿಂದಿನ ದಿನವೇ ಎಲ್ಲ ಬರೆದಿಟ್ಟಿದ್ದೆ. ಮುಖ್ಯ ಅತಿಥಿ ಏನು ಮಾತಾಡಿದರು, ರೈತರು ಹೇಗೆ ಚಪ್ಪಾಳೆ ತಟ್ಟಿದರು ಎಂಬುದೂ ಅದರಲ್ಲಿತ್ತು. ಬೆಳಿಗ್ಗೆ ಕಾರ್ಯಕ್ರಮ ಶುರುವಾಗುವ ಮೊದಲೇ ಹಂಚಿಯೂ ಬಂದೆ. ಮುಖ್ಯ ಅತಿಥಿಗಳು ಬರಲೇ ಇಲ್ಲ. ಮರುದಿನ ಮೂರು ಪತ್ರಿಕೆಯಲ್ಲಿ ಅವರ ಭಾಷಣ ಬಂತು. ನೌಕರಿ ಹೋಯಿತು ಎಂದುಕೊಂಡು ಸಾಹೇಬರ ಮುಂದೆ ನಿಂತೆ. ಅವರು ಪತ್ರಿಕೆ ಮಡಚಿಟ್ಟು, "ಭಾಷಣ ಚಲೋ ಬರದೀ. ಬಂದಿದ್ರ ಅವ್ರೂ ಇದನ್ನ ಮಾತಾಡ್ತಿದ್ರು. ಬರಲಿಲ್ಲ, ಅದು ಅವ್ರ ಕಸೂರು, ನಮ್ಮ ತಪ್ಪಲ್ಲ" ಅಂದರು. ನಾನು ನಕ್ಕುಬಿಟ್ಟೆ. ಆ ನಗು ನನ್ನನ್ನು ಬಹಳ ವರ್ಷ ಕೆಡಿಸಿತು. ಸುದ್ದಿಗೆ ಸ್ವಲ್ಪ ಸಿಂಗಾರ ಬೇಕು, ಸಿಂಗಾರದಿಂದ ಯಾರಿಗೂ ನಷ್ಟವಿಲ್ಲ ಎಂದು ಸಾಹೇಬರು ಹೇಳಿಕೊಟ್ಟರು. ನಾನು ಮನಸಿಟ್ಟು ಕಲಿತೆ.

ಮುಂದೆ ಕಾಲೇಜು ಸೇರಿ ಸಾರ್ವಜನಿಕ ಸಂಪರ್ಕದ ಬರವಣಿಗೆ ಕಲಿಸತೊಡಗಿದಾಗ ಫ್ಯಾಕ್ಸ್ ಬಂದು ಹೋಗಿತ್ತು, ಈಮೇಲ್ ಇತ್ತು. ನೋಡನೋಡುತ್ತಿದ್ದಂತೆ ಎಲ್ಲ ವಾಟ್ಸಾಪಿಗೆ ಬಂತು. ಸೈಕಲ್ ತುಳಿದು ಮುಟ್ಟಿಸುತ್ತಿದ್ದ ಸುದ್ದಿ ಕ್ಷಣದಲ್ಲಿ ಮುಟ್ಟುತ್ತಿತ್ತು. ಮೊದಲು ತಪ್ಪು ತಿದ್ದಲು ದಾರಿಯ ಮೇಲಾದರೂ ಸಮಯ ಸಿಗುತ್ತಿತ್ತು, ಈಗ ಅದೂ ಇಲ್ಲ. ಪುಸ್ತಕದಿಂದ ಈ ವಿದ್ಯೆ ಬರುವುದಿಲ್ಲ ಎಂಬುದು ಮಾತ್ರ ನನಗೆ ಖಚಿತವಾಗಿತ್ತು. ಹಾಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಊರಿನ ಒಂದು ಸಣ್ಣ ತಂಡವನ್ನು ಹಿಡಿದು, ಆರು ತಿಂಗಳು ಅವರ ಪರವಾಗಿ ಬರೆಯಬೇಕು ಎಂದು ನಿಯಮ ಮಾಡಿದೆ. ಶರಣಬಸವೇಶ್ವರ ದೇವಸ್ಥಾನಕ್ಕೆ ಬರುವ ಮಂದಿಗೆ ಬೇಸಿಗೆಯಲ್ಲಿ ನೀರು ಕೊಡುವ ಹಿರಿಯರ ಬಳಗವೊಂದಿತ್ತು. ಅವರನ್ನು ಹಿಡಿದ ಹುಡುಗನೊಬ್ಬ ನಿಸ್ವಾರ್ಥ ಸೇವೆ, ಜನಮನ, ಧನ್ಯತೆ ಎಂದು ಎರಡು ಪುಟ ಬರೆದು ತಂದ. ನೀರು ಯಾವ ಬಾಗಿಲ ಹತ್ತಿರ ಸಿಗುತ್ತದೆ ಎಂಬುದೇ ಅದರಲ್ಲಿ ಇರಲಿಲ್ಲ. ಇಡೀ ತರಗತಿ ನಕ್ಕಿತು. ಆ ಹುಡುಗ ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಎಲ್ಲಿ, ಎಷ್ಟೊತ್ತಿಗೆ ಎಂಬುದನ್ನು ಬರೆಯದೆ ಯಾವ ಹಾಳೆಯನ್ನೂ ಕೈಬಿಡುವುದಿಲ್ಲವಂತೆ.

ಭಾಗ್ಯಶ್ರೀ ಕಮಲಾಪುರದವಳು. ತಂದೆಯದು ಎರಡು ಎಕರೆ ಕೆಂಪು ಬಾಳೆಯ ತೋಟ. ದಿನಾ ಬಸ್ಸಿನಲ್ಲಿ ಒಂದು ತಾಸು ಕಲಬುರಗಿಗೆ, ಒಂದು ತಾಸು ಮರಳಿ. ತರಗತಿಯಲ್ಲಿ ಮಾತು ಕಡಿಮೆ. ಕೈಯಲ್ಲಿ ಯಾವಾಗಲೂ ಉದ್ದನೆಯ ಒಂದು ನೋಟ್‌ಬುಕ್ಕು. ಅವಳು ಹಿಡಿದದ್ದು ತನ್ನೂರಿನ ರಕ್ತದಾನಿಗಳ ತಂಡ. ಅದರ ಮುಖ್ಯಸ್ಥ ಬಸವಂತಪ್ಪ, ಸಂತೆಯಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುವವ. ಕಲಬುರಗಿಯ ಆಸ್ಪತ್ರೆಯಲ್ಲಿ ತಮ್ಮೂರಿನವರಿಗೆ ರಕ್ತ ಬೇಕಾದಾಗ ಬಸ್ಸು ಹತ್ತಿ ಬಂದು ಕೊಟ್ಟು ಹೋಗುವ ಹದಿನೇಳು ಜನ ಅದರಲ್ಲಿದ್ದರು. ಊರಾಚೆ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸುವುದು ಭಾಗ್ಯಶ್ರೀಯ ಕೆಲಸ.

ಅವಳು ಹದಿನೇಳು ಜನರ ಮನೆಗೂ ಹೋದಳು. ಒಂದು ತಿಂಗಳಾದ ಮೇಲೆ ಮೊದಲ ಪ್ರಕಟಣೆ ತಂದು ನನ್ನ ಮುಂದಿಟ್ಟಳು. ಅದರ ಸಾಲುಗಳು ನನಗೆ ಇವತ್ತಿಗೂ ಬಾಯಿಪಾಠ. "ನಮ್ಮ ತಂಡದಲ್ಲಿ ಹದಿನೇಳು ಜನರಿದ್ದೇವೆ. ನೆಗೆಟಿವ್ ಗುಂಪಿನವರು ಒಬ್ಬರೇ. ಒಮ್ಮೆ ಕೊಟ್ಟವರು ಮೂರು ತಿಂಗಳು ಮತ್ತೆ ಕೊಡಲಾಗದು. ಕಮಲಾಪುರದಿಂದ ಬರಲು ಒಂದು ತಾಸು ಬೇಕು. ಸಂತೆಯ ದಿನ ಬರುವುದು ಕಷ್ಟ." ಕೆಳಗೆ ಇನ್ನೊಂದು ಸಂಗತಿ ಇತ್ತು. ತಂಡಕ್ಕೆ ಸೇರದ ಒಬ್ಬ ಬಸ್ ಕಂಡಕ್ಟರ್ ತಾನೇ ತಾನಾಗಿ ವರ್ಷಕ್ಕೆರಡು ಸಲ ರಕ್ತ ಕೊಡುತ್ತಾನೆ, ಹೆಸರು ಹಾಕಬೇಡ ಎಂದಿದ್ದಾನೆ ಎಂದು.

ನಾನು ಕೆಂಪು ಪೆನ್ನು ತೆಗೆದೆ. "ಇದೇನವ್ವಾ, ತಂಡದ ಪ್ರಚಾರ ಮಾಡಾಕತ್ತೀಯೋ, ಕೊರತಿ ಪಟ್ಟಿ ಮಾಡಾಕತ್ತೀಯೋ?" ಎಂದೆ. ಕಂಡಕ್ಟರ್ ಸಂಗತಿಗೆ ಅಡ್ಡಗೆರೆ ಎಳೆದೆ. ಸಂತೆ, ಬಸ್ಸು, ಮೂರು ತಿಂಗಳು ಎಲ್ಲದರ ಮೇಲೂ ಗೆರೆ ಬಿತ್ತು. ಮೇಲೆ ನನ್ನ ಕೈಯಾರೆ ಬರೆದೆ: "ಯಾವ ಗುಂಪಿನ ರಕ್ತವೇ ಇರಲಿ, ಯಾವ ಹೊತ್ತೇ ಆಗಿರಲಿ, ಒಂದು ಕರೆ ಮಾಡಿದರೆ ಸಾಕು, ಕಮಲಾಪುರದ ಜೀವದಾನಿಗಳು ನಿಮ್ಮ ಮುಂದಿರುತ್ತಾರೆ."

ಭಾಗ್ಯಶ್ರೀ ಓದಿದಳು. ಮತ್ತೊಮ್ಮೆ ಓದಿದಳು. "ಸರ್, ಇದು ಖರೇ ಅಲ್ರೀ" ಅಂದಳು.

"ಪ್ರಚಾರ ಅಂದ್ರ ಜರಾ ಹಿಗ್ಗಿಸಿ ಹೇಳಬೇಕಾಗ್ತದವ್ವಾ. ಇಲ್ಲಂದ್ರ ಯಾವ ಪೇಪರಿನವ್ರೂ ಹಾಕಂಗಿಲ್ಲ."

"ಆದ್ರ ಯಾರರೆ ಫೋನ್ ಮಾಡಿದ್ರ?"

"ಮಾಡ್ಲಿ. ಅದಕ್ಕ ಅಲ್ಲೇನು ಬರ್ಯೋದು?"

ಅವಳು ಹಾಳೆ ಎತ್ತಿಕೊಂಡಳು. ಕೆಳಗೆ ಬಸವಂತಪ್ಪನ ನಂಬರು, ಅದರ ಪಕ್ಕ ತನ್ನ ನಂಬರು ಹಾಕಿ ಕಳಿಸಿದಳು. ಸ್ಥಳೀಯ ಪತ್ರಿಕೆಯೊಂದು ನನ್ನ ಆ ಸಾಲನ್ನೇ ತಲೆಬರಹ ಮಾಡಿ ಹಾಕಿತು. ನಾನು ಅದನ್ನು ಕತ್ತರಿಸಿ ವಿಭಾಗದ ಫಲಕಕ್ಕೆ ಅಂಟಿಸಿದೆ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ತರಗತಿಯಲ್ಲಿದ್ದ ಭಾಗ್ಯಶ್ರೀಗೆ ಒಂದು ಕರೆ ಬಂತು. ಅವಳು ಕೈ ಎತ್ತಿ ಹೊರಗೆ ಹೋದಳು. ಎರಡು ನಿಮಿಷದಲ್ಲಿ ಬಾಗಿಲಿಗೆ ಬಂದು ನಿಂತಳು.

"ಸರ್, ಪೇಪರ್ ನೋಡಿ ಫೋನ್ ಮಾಡ್ಯಾರ್ರೀ. ಕುಸನೂರಿನವ್ರು. ಹೆಂಡ್ತಿಗಿ ಮುಂಜಾನಿ ಹೆರಿಗಿ ಆಗ್ಯದಂತ, ರಕ್ತ ಭಾಳ ಹೋಗ್ಯದಂತ. ಓ ನೆಗೆಟಿವ್ ಬೇಕು. ಆಸ್ಪತ್ರ್ಯಾಗ ಇದ್ದ ಒಂದು ಚೀಲ ಕೊಟ್ಟಾರ. ಸಂಜಿಯೊಳಗ ಇನ್ನೊಂದು ಬೇಕಂತಾರ, ಎಲ್ಲೂ ಸಿಗವಲ್ದಂತ."

"ಬಸವಂತಪ್ಪಗ ಫೋನ್ ಮಾಡು."

"ಅವ್ರು ಮಾಡ್ಯಾರ, ಎತ್ತಿಲ್ರೀ. ಇವತ್ತ ಸಂತಿ ಅದ ಸರ್. ಗದ್ದಲದಾಗ ಕೇಳಂಗಿಲ್ಲ. ಎತ್ತಿದ್ರೂ ಅಷ್ಟ. ತಂಡದಾಗ ಓ ನೆಗೆಟಿವ್ ಒಬ್ರ ಇದ್ದಾರ, ಅವ್ರು ಹೋದ ತಿಂಗಳ ಕೊಟ್ಟಾರ."

ಅವಳು "ನಾನು ಬರೆದಿದ್ದೆನಲ್ಲ ಸರ್" ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಾಠ ಅಲ್ಲಿಗೇ ನಿಂತಿತು. ಎಲ್ಲರೂ ಕೊರಳಲ್ಲಿದ್ದ ಗುರುತಿನ ಚೀಟಿ ತಿರುಗಿಸಿ ತಮ್ಮ ರಕ್ತದ ಗುಂಪು ನೋಡಿಕೊಂಡರು. ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಪಕ್ಕದ ತರಗತಿಯಲ್ಲಿ ಒಬ್ಬಳಿದ್ದಳು, ತೂಕ ಸಾಲದು ಎಂದು ಹಿಂದೊಮ್ಮೆ ಅವಳನ್ನು ವಾಪಸ್ ಕಳಿಸಿದ್ದರಂತೆ. ನಾನು ಪರಿಚಯದ ಪತ್ರಕರ್ತರಿಗೆ ಫೋನ್ ಮೇಲೆ ಫೋನ್ ಮಾಡತೊಡಗಿದೆ. ಭಾಗ್ಯಶ್ರೀ ಬೆಂಚಿನ ಮೇಲೆ ಕೂತು ತನ್ನ ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದಳು. ಥಟ್ಟನೆ ಎದ್ದಳು.

"ಸರ್, ಗುಂಡಪ್ಪ ಕಾಕಾ!"

"ಯಾರವ್ವಾ?"

"ಕಂಡಕ್ಟರ್ರೀ. ನೀವು ತಗದ್ರಿ ನೋಡ್ರಿ ಆ ಸುದ್ದಿ. ಅವ್ರದು ಓ ನೆಗೆಟಿವ್. ಇಲ್ಲಿ ಬರಕೊಂಡೀನಿ, ಕೊಟ್ಟು ಐದು ತಿಂಗಳಾಗ್ಯದ."

ಡ್ಯೂಟಿಯ ಮೇಲಿದ್ದ ಗುಂಡಪ್ಪ ಫೋನ್ ಎತ್ತಲಿಲ್ಲ. ಆದರೆ ಅವನ ಬಸ್ಸು ಯಾವಾಗ ಎಲ್ಲಿರುತ್ತದೆ ಎಂಬುದು ದಿನಾ ಅದರಲ್ಲೇ ಓಡಾಡುವ ಭಾಗ್ಯಶ್ರೀಗೆ ಗೊತ್ತಿತ್ತು. ಅವಳನ್ನು ನನ್ನ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಅರ್ಧ ತಾಸು ಕಾದೆವು. ಅಷ್ಟರಲ್ಲಿ ಕುಸನೂರಿನ ಆ ಮನುಷ್ಯ ಆರು ಸಲ ಫೋನ್ ಮಾಡಿದ. ಪ್ರತಿಸಲ ಅವಳು "ಬರಾಕತ್ತಾರ್ರೀ ಅಣ್ಣಾ, ಕೈಬಿಡಂಗಿಲ್ರೀ" ಎನ್ನುತ್ತಿದ್ದಳು. ಗುಂಡಪ್ಪ ಕೊಡಲು ಒಪ್ಪುತ್ತಾನೋ ಇಲ್ಲವೋ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬಸ್ಸು ಬಂತು. ಮಂದಿ ಇಳಿಯುವ ಮೊದಲೇ ಅವಳು ಮೆಟ್ಟಿಲ ಹತ್ತಿರ ನಿಂತು ಎಲ್ಲ ಹೇಳಿದಳು. ಐವತ್ತರ ಹತ್ತಿರದ ಗುಂಡಪ್ಪ ಕೊರಳಿನ ಟಿಕೆಟ್ ಮಷೀನು ತೆಗೆಯುತ್ತಲೇ ಕೇಳಿಸಿಕೊಂಡ. ಅದನ್ನು ಹಿಡಿದು ನಿಲ್ದಾಣದ ಕಂಟ್ರೋಲರ್ ಹತ್ತಿರ ಹೋಗಿ ಏನೋ ಮಾತಾಡಿ ಬಂದ. "ಮುಂದಿನ ಟ್ರಿಪ್ಪಿಗೆ ಬ್ಯಾರೆಯವ್ರನ್ನ ಹಾಕ್ತಾರ. ನಡೀರಿ" ಎಂದ. ಎರಡು ಹೆಜ್ಜೆ ಹಾಕಿ ನಿಂತ.

"ಏ ತಡೀ ಭಾಗ್ಯ. ನಾ ಇನ್ನಾ ಊಟ ಮಾಡಿಲ್ಲ. ಖಾಲಿ ಹೊಟ್ಟಿಲೆ ಹೋದ್ರ ಅವ್ರು ತಗೊಳ್ಳಂಗಿಲ್ಲ."

ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಅವನು ಅವಸರ ಮಾಡಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅಗಿದು ಉಂಡ. ಜೀವಮಾನದಲ್ಲಿ ಇನ್ನೊಬ್ಬರ ಊಟವನ್ನು ನಾನು ಅಷ್ಟು ಹೊತ್ತು ನೋಡುತ್ತ ನಿಂತಿದ್ದಿಲ್ಲ. ಆಮೇಲೆ ಸ್ಕೂಟರನ್ನು ಅಲ್ಲೇ ಬಿಟ್ಟು, ಮೂವರೂ ಒಂದು ಆಟೋ ಹಿಡಿದು ಆಸ್ಪತ್ರೆಗೆ ಹೋದೆವು.

ರಕ್ತನಿಧಿಯ ಮುಂದೆ ಒಬ್ಬ ನಿಂತಿದ್ದ. ಮೂವತ್ತರ ವಯಸ್ಸು, ಕಾಲಿಗೆ, ಪ್ಯಾಂಟಿನ ಅಂಚಿಗೆ ಒಣಗಿದ ಸಿಮೆಂಟು. ಹೆಸರು ಶಿವರಾಜ, ಗೌಂಡಿ ಕೆಲಸ. ಗುಂಡಪ್ಪ ಒಳಗೆ ಹೋದ ಮೇಲೆ ಅವನು ಭಾಗ್ಯಶ್ರೀಯ ಕಡೆ ತಿರುಗಿದ. ಕೈಯಲ್ಲಿ ನಾನು ಬರೆದ ತಲೆಬರಹದ ಪತ್ರಿಕೆ ಇತ್ತು.

"ಇದನ್ನ ಬರದವ್ರು ನೀವ ಏನ್ರೀ? ನಿಮ್ಮ ನಂಬರ್ ಅದ ಇದರಾಗ. ಯಾವಾಗ ಬೇಕಾದ್ರೂ ಅಂತ ಬರದೀರಿ. ಇದನ್ನ ನೋಡೇ ನಾ ಬ್ಯಾರೆ ಕಡಿ ಹುಡುಕೋದು ಬಿಟ್ಟೆ. ನಮ್ಮಣ್ಣ ಬೀದರಕ್ಕ ಹೋಗಿ ತರ್ತೀನಿ ಅಂದ, ಬ್ಯಾಡ, ಇವ್ರು ಬರ್ತಾರಂತ ಕುಂದ್ರಿಸಿದೆ. ಎರಡು ತಾಸು ಹೋತು. ಆಕಿಗಿ ಏನರೆ ಆಗಿದ್ರ?"

ಭಾಗ್ಯಶ್ರೀ ತಲೆ ತಗ್ಗಿಸಿ, "ತಪ್ಪಾತ್ರೀ ಅಣ್ಣಾ" ಅಂದಳು.

ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಆ ಸಾಲು ನನ್ನದು ಎನ್ನಬೇಕಿತ್ತು. ಅದಕ್ಕೆ ಮೂರೇ ಶಬ್ದ ಸಾಕಿತ್ತು. ಇಡೀ ಆಯುಷ್ಯ ಶಬ್ದಗಳ ನಡುವೆ ಕಳೆದ ನನಗೆ ಆ ಮೂರು ಶಬ್ದ ಬರಲಿಲ್ಲ. ಗೋಡೆಯ ಮೇಲಿನ ಸೂಚನಾಫಲಕ ಓದುತ್ತ ನಿಂತೆ.

ಪರೀಕ್ಷೆಯೆಲ್ಲ ಮುಗಿದು ದೀಪ ಹಚ್ಚುವ ಹೊತ್ತಿಗೆ ರಕ್ತ ವಾರ್ಡಿಗೆ ಹೋಯಿತು. ತಾಯಿ ಉಳಿದಳು. ಮಗು ಮೊದಲಿಂದಲೂ ಗಟ್ಟಿಯಾಗಿತ್ತು. ಗುಂಡಪ್ಪ ರಕ್ತನಿಧಿಯವರು ಕೊಟ್ಟ ಬಿಸ್ಕೀಟು ತಿಂದು, ಚಹಾ ಕುಡಿದು, ಕಮಲಾಪುರದ ಬಸ್ಸಿಗೆ ಹೊರಟುಹೋದ.

ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಎಡಗಡೆ ಅವಳ ಪ್ರಕಟಣೆ, ಬಲಗಡೆ ನನ್ನ ತಿದ್ದುಪಡಿ ಬರೆದೆ. "ಎಡಗಡೆಯದು ಪ್ರಚಾರ. ಬಲಗಡೆಯದು ಸುಳ್ಳು. ಸುಳ್ಳು ಬರೆದವ ನಾನು" ಎಂದೆ. ಯಾರೂ ನಗಲಿಲ್ಲ. ಫಲಕಕ್ಕೆ ಅಂಟಿಸಿದ್ದ ತುಣುಕನ್ನು ನಾನೇ ಕಿತ್ತು ತಂದೆ. ಭಾಗ್ಯಶ್ರೀ ಮಾತ್ರ ಕೈ ಎತ್ತಿ, "ಸರ್, ಹೊಸಾದು ಕಳಸೋಣಲ್ಲಾ? ಹಳೇದು ಇನ್ನಾ ಮಂದಿ ಫೋನಿನ್ಯಾಗ ಅಡ್ಡಾಡಾಕತ್ತದ" ಎಂದಳು. ನಾನು ಪಶ್ಚಾತ್ತಾಪ ಪಡುತ್ತಿದ್ದೆ, ಅವಳು ಕೆಲಸ ಮಾಡುತ್ತಿದ್ದಳು.

ಆದರೆ ಹೊಸದು ಕಳಿಸಲು ಬಸವಂತಪ್ಪ ಒಪ್ಪಬೇಕಲ್ಲ. ಇಬ್ಬರೂ ಕಮಲಾಪುರಕ್ಕೆ ಹೋದೆವು. ಅವನು ಬಾಳೆಗೊನೆಗಳ ನಡುವೆ ಕೂತು ನಮ್ಮ ಮಾತು ಕೇಳಿ ಸಿಟ್ಟಾದ.

"ಏನ್ರೀ ಸರ್, ಈಗ ಎಲ್ಲಾರೂ ನಮ್ಮ ಹೆಸರು ತಗೋತಾರ. ಸಂತಿ ದಿನ ಬರಂಗಿಲ್ಲ, ಆ ರಕ್ತ ಇಲ್ಲ, ಈ ರಕ್ತ ಇಲ್ಲ ಅಂತ ಬರದ್ರ ಇಜ್ಜತ್ ಉಳೀತದೇನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಭಾಗ್ಯಶ್ರೀ ಕೇಳಿದಳು: "ಕಾಕಾ, ಹಣ್ಣು ಕಾಯಿ ಇದ್ರ ಗಿರಾಕಿಗಿ ಏನ್ ಹೇಳ್ತೀರಿ?"

"ಎರಡು ದಿನ ಬಿಟ್ಟು ತಿನ್ರಿ ಅಂತೀನಿ."

"ಯಾಕ?"

"ನಾಳಿ ಅವ್ರು ಮತ್ತ ಬರಬೇಕಲ್ಲವ್ವಾ."

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಅವಳನ್ನು ನೋಡಿ, ನನ್ನನ್ನು ನೋಡಿ, "ಬರೀ ನಮ್ಮವ್ವಾ, ಏನ್ ಬರೀತೀ ಬರೀ" ಎಂದು ಕೈ ಝಾಡಿಸಿದ.

ಈ ಸಲ ನಾನು ಕಾಗುಣಿತ ಬಿಟ್ಟು ಏನನ್ನೂ ಮುಟ್ಟಲಿಲ್ಲ. ತಂಡಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಅವಳು ಹನ್ನೊಂದು ಸಾಲಲ್ಲಿ ಬರೆದಳು. ಮೊದಲನೆಯದು ತಪ್ಪು ಎಂದೂ ಬರೆದಳು. ಪತ್ರಿಕೆ ಒಳಪುಟದ ಮೂಲೆಯಲ್ಲಿ ಹಾಕಿತು. ಯಾರು ಓದುತ್ತಾರೆ ಎಂದುಕೊಂಡೆ. ಓದಿದರು. ಮೊದಲ ಪ್ರಕಟಣೆಗೆ ರಕ್ತ ಕೇಳುವವರ ಕರೆಗಳಷ್ಟೇ ಬಂದಿದ್ದವು. ಇದಕ್ಕೆ ಕೊಡುತ್ತೇವೆ ಎನ್ನುವವರ ಕರೆಗಳು ಬಂದವು. "ನೆಗೆಟಿವ್ ಒಬ್ಬರ ಇದ್ದಾರಂತ ಓದಿದೆ, ನಂದೂ ಅದ ಗುಂಪು" ಎಂದು ಮಹಾಗಾಂವದ ಕಡೆಯ ಶಾಲಾ ಶಿಕ್ಷಕಿಯೊಬ್ಬರು ಹೇಳಿದರು. "ಸಂತಿ ದಿನ ನಾ ಖಾಲಿ ಇರ್ತೀನಿ" ಎಂದು ಕಲಬುರಗಿಯ ಒಬ್ಬ ದರ್ಜಿ ಹೇಳಿದ. ಏನಿಲ್ಲ ಎಂದು ತಿಳಿದರೆ ಮಾತ್ರ ಅದನ್ನು ತುಂಬುವವರು ಬರುತ್ತಾರೆ. ನನ್ನ ಸಾಹೇಬರಿಗೂ ನನಗೂ ಗೊತ್ತಿರದ ಸಂಗತಿ ಇದು. ಈ ವೃತ್ತಿಗೆ ಬರುವವರಿಗೆ ನಾನು ಧೈರ್ಯವಾಗಿ ಹೇಳಬಹುದಾದ ಮಾತೂ ಇದೊಂದೇ.

ಇಷ್ಟಾದರೂ ಶಿವರಾಜನಿಗೆ ಹೇಳುವುದು ಬಾಕಿ ಇತ್ತು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಭಾಗ್ಯಶ್ರೀಯನ್ನು ಕರೆದುಕೊಂಡು ಕುಸನೂರಿಗೆ ಹೋದೆ. ವಿಶ್ವವಿದ್ಯಾಲಯದ ಕಡೆಯಿಂದ ಬರುವ ರಸ್ತೆಯ ಎರಡೂ ಬದಿ ಹೊಸ ಮನೆಗಳು ಏಳುತ್ತಿದ್ದವು. ಅಂಥದೊಂದರ ಮುಂದೆ ಅವನು ಇಟ್ಟಿಗೆಗೆ ನೀರು ಹೊಡೆಯುತ್ತಿದ್ದ. ನಮ್ಮನ್ನು ನೋಡಿ ಪೈಪು ಕೆಳಗಿಟ್ಟ.

"ಶಿವರಾಜ, ಪೇಪರಿನ್ಯಾಗಿನ ಆ ಮಾತು ಬರದವ ನಾನು. ಈ ಹುಡುಗಿ ಬ್ಯಾಡ ಅಂದಿದ್ಲು" ಎಂದೆ.

ಅವನಿಗೆ ನನ್ನ ಗುರುತು ಸಿಕ್ಕಿತು. "ನೀವು ಅವತ್ತ ಅಲ್ಲೇ ನಿಂತಿದ್ರಿ. ನಾ ಆಕಿಗಿ ಬೈಯಾಕತ್ತಾಗ ಸುಮ್ನಿದ್ರಿ."

"ಹೌದು."

"ಮತ್ತ ನನ್ನ ಮುಂದ ಯಾಕ ಹೇಳ್ತೀರಿ? ಆಕಿ ಮುಂದ ಹೇಳ್ರಿ."

ನಾನು ತಿರುಗಿದೆ. ತರಗತಿಯಲ್ಲಿ ನಲವತ್ತು ಜನರ ಮುಂದೆ ತಪ್ಪು ಒಪ್ಪಿಕೊಂಡಿದ್ದೆ, ಅವಳೊಬ್ಬಳ ಮುಂದೆ ಒಪ್ಪಿಕೊಂಡಿರಲಿಲ್ಲ. "ತಪ್ಪು ನಂದವ್ವಾ ಭಾಗ್ಯ. ಬೈಗಳಾನೂ ನಂದ ಆಗಬೇಕಿತ್ತು" ಎಂದೆ.

ಅವಳು ಪಾದ ನೋಡುತ್ತ, "ಆತು ಬಿಡ್ರಿ ಸರ್" ಅಂದಳು. "ನನಗ ಸಿಟ್ಟಿತ್ತು ಖರೆ" ಎಂದೂ ಸೇರಿಸಿದಳು. ಆ ಎರಡನೆಯ ಮಾತಿನಿಂದಲೇ ನನಗೆ ಸಮಾಧಾನವಾಯಿತು.

ಶಿವರಾಜ ನಮಗೆ ಕೂರಲು ಎರಡು ಸಿಮೆಂಟು ಚೀಲ ಎಳೆದು ಹಾಕಿದ. ಒಳಗಿನಿಂದ ನೀರು ತಂದುಕೊಟ್ಟು, ಹೆಂಡತಿ ಮಗುವಿನ ಜೊತೆ ತವರಿಗೆ ಹೋಗಿದ್ದಾಳೆ, ಅದು ದಿನವೆಲ್ಲ ಅಳುತ್ತದಂತೆ ಎಂದೆಲ್ಲ ಹೇಳಿದ. ಆಮೇಲೆ ಕೈ ಒರೆಸಿಕೊಂಡು, "ಆ ತಂಡಕ್ಕ ನನ್ನ ಹೆಸರೂ ಬರಕೋರಿ" ಎಂದ.

ಭಾಗ್ಯಶ್ರೀ ನೋಟ್‌ಬುಕ್ಕು ತೆಗೆದಳು. ಹೊಸ ಹಾಳೆ ತಿರುವಿ, ಪೆನ್ನಿನ ಸಮೇತ ನನ್ನ ಕೈಗೆ ಕೊಟ್ಟಳು. "ನೀವ ಬರೀರಿ ಸರ್."

"ಬರಕೋರಿ," ಎಂದ ಶಿವರಾಜ. "ಶಿವರಾಜ, ಗೌಂಡಿ, ಕುಸನೂರ. ಗುಂಪು ಇನ್ನಾ ಚೆಕ್ ಮಾಡಿಸಿಲ್ಲ. ಕೆಲಸ ಇದ್ದ ದಿನ ಸಂಜಿ ಐದರ ಮ್ಯಾಲ ಬರ್ತೀನಿ. ಸೂಜಿ ಕಂಡ್ರ ಅಂಜಿಕಿ ಬರ್ತದ, ಆದ್ರೂ ಬರ್ತೀನಿ."

ಬರೆದೆ.

"ಓದ್ರಿ" ಎಂದ.

ಓದಿದೆ. ಒಂದಕ್ಷರ ಕೂಡಿಸಿರಲಿಲ್ಲ, ಒಂದಕ್ಷರ ಬಿಟ್ಟಿರಲಿಲ್ಲ. ಅವನು ತಲೆಯಾಡಿಸಿ, ಪೈಪು ಎತ್ತಿಕೊಂಡು ಗೋಡೆಗೆ ನೀರು ಹೊಡೆಯಲು ಹೋದ.